ಗೌರಿ ಮೇಯ್ದ ಪರದೆ

ಚೌಳಹಿರಿಯೂರಿನ ಕಾಶಮ್ಮನೂ ಅವಳ ಓರಗಿತ್ತಿ ಭಾಗಮ್ಮನೂ ಮಾತು ಬಿಟ್ಟು ಐದು ವರ್ಷವಾಗಿತ್ತು. ಮಾತು ಬಿಟ್ಟಿದ್ದರು ಎಂದರೆ ಸುಮ್ಮನಿದ್ದರು ಎಂದು ಯಾರೂ ತಿಳಿಯಬಾರದು. ಸುಮ್ಮನಿರುವುದು ಆ ಇಬ್ಬರ ಜಾಯಮಾನದಲ್ಲೇ ಇರಲಿಲ್ಲ. ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ ದಿನಕ್ಕೆ ಹತ್ತಾರು ಸಲ ಹೇಳುತ್ತಲೇ ಇದ್ದರು. ಆದರೆ ಹಸುವಿಗೆ ಹೇಳುತ್ತಿದ್ದರು.

ಹಸುವಿನ ಹೆಸರು ಗೌರಿ. ಕಾಶಮ್ಮನ ಗಂಡ ರುದ್ರಮೂರ್ತಿ, ಅವನ ತಮ್ಮ ತೀರ್ಥಪ್ಪ ಇಬ್ಬರೂ ಮನೆ ಭಾಗ ಮಾಡಿಕೊಂಡಾಗ ಹೊಲ, ತೆಂಗಿನ ಮರ, ಹಂಡೆ, ಒನಕೆ ಎಲ್ಲವೂ ಎರಡಾದವು. ಗೌರಿಯನ್ನು ಎರಡು ಮಾಡುವುದು ಹೇಗೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಬೆಳಗಿನ ಹಾಲು ಹಿರಿಯವಳಾದ ಕಾಶಮ್ಮನಿಗೆ, ಸಂಜೆಯ ಹಾಲು ಭಾಗಮ್ಮನಿಗೆ ಎಂದು ಊರಿನ ಹಿರಿಯರು ತೀರ್ಮಾನ ಕೊಟ್ಟು, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಹೋದರು. ಮನೆಯ ನಡುವೆ ಗೋಡೆ ಎದ್ದಿತು. ಹಿತ್ತಲ ಅಂಗಳ, ಅಲ್ಲಿದ್ದ ನೀರಿನ ತೊಟ್ಟಿ ಮತ್ತು ಗೌರಿ ಇಬ್ಬರಿಗೂ ಒಟ್ಟಾಗಿಯೇ ಉಳಿದವು.

"ಗೌರೀ, ತೊಟ್ಟಿಗೆ ನೀರು ಬಿಟ್ಟೋರು ನಲ್ಲಿ ನಿಲ್ಸೋದನ್ನೂ ಕಲೀಬೇಕು ಅಂತ ಹೇಳವ್ವ," ಎಂದು ಕಾಶಮ್ಮ ಹಸುವಿನ ಬೆನ್ನು ಸವರುತ್ತ ಗಟ್ಟಿಯಾಗಿ ಹೇಳುವಳು.

"ವಾಷರ್ ಸವೆದು ತಿಂಗ್ಳಾಯ್ತು, ಕಣ್ಣಿರೋರು ನೋಡ್ಲಿ ಅನ್ನು ಗೌರಿ," ಎಂದು ಭಾಗಮ್ಮನ ಉತ್ತರ ತಕ್ಷಣ ಬರುವುದು.

ಗೌರಿ ಯಾರ ಪಕ್ಷವನ್ನೂ ವಹಿಸದೆ ಮೆಲುಕು ಹಾಕುವಳು. ಅಷ್ಟು ನಿಷ್ಪಕ್ಷಪಾತಿ ಸದಸ್ಯರು ಊರಿನ ಪಂಚಾಯ್ತಿಯಲ್ಲೂ ಇರಲಿಲ್ಲ.

ಜಗಳ ಆಸ್ತಿಯಿಂದ ಹುಟ್ಟಿದ್ದಲ್ಲ, ಒಬ್ಬಟ್ಟಿನಿಂದ. ಮನೆ ಭಾಗವಾದ ವರ್ಷದ ಯುಗಾದಿಗೆ ಭಾಗಮ್ಮನ ತವರಿನವರು ತರೀಕೆರೆಯಿಂದ ಬಂದಿದ್ದರು. ಪಂಕ್ತಿಯಲ್ಲಿ ಅಷ್ಟು ಜನ ಕೂತಿರುವಾಗ ಕಾಶಮ್ಮ ಬಡಿಸುತ್ತ ಬಡಿಸುತ್ತ, "ನಮ್ ಭಾಗೂ ಕೈಗೆ ಹೂರಣ ಕೊಟ್ರೆ ಒಬ್ಬಟ್ಟು ಬರಲ್ಲ, ಚಪ್ಪಲಿ ಬತ್ತದೆ" ಎಂದುಬಿಟ್ಟಳು. ಎಲ್ಲರೂ ನಕ್ಕರು. ಭಾಗಮ್ಮ ಒಬ್ಬಳು ನಗಲಿಲ್ಲ. ಮಾರನೆಯ ಬೆಳಿಗ್ಗೆಯಿಂದ ಅವಳ ಮಾತೆಲ್ಲ ಗೌರಿಯ ಕಿವಿಗೆ ಹೋಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಕಾಶಮ್ಮನಿಗೆ ಅದು ತಿಳಿಯದ್ದೇನಲ್ಲ. ಹಾಗನ್ನಬಾರದಿತ್ತು ಎಂದು ಹಬ್ಬದ ತೋರಣ ಒಣಗುವ ಮೊದಲೇ ಅನ್ನಿಸಿತ್ತು. ಆದರೆ ತಾನು ಹಿರಿಯವಳು. ಅವಳೇ ಬಂದು ಒಂದು ಸಲ 'ಅಕ್ಕ' ಅಂದರೆ ತಾನೂ ಹೇಳಿಬಿಟ್ಟರಾಯಿತು ಎಂದು ಕಾದಳು. ಕಾದದ್ದು ವಾರವಾಯಿತು, ತಿಂಗಳಾಯಿತು, ಆಮೇಲೆ ಕಾಯುವುದೇ ರೂಢಿಯಾಯಿತು. ಭಾಗಮ್ಮ ಮದುವೆಯಾಗಿ ಬಂದಾಗ ಇನ್ನೂ ಎಳೆ ಹುಡುಗಿ. ಹೊಸ ಊರಲ್ಲಿ ದಿಕ್ಕು ತೋಚದೆ ಅಳುತ್ತ ಕೂತವಳಿಗೆ ತಲೆ ಬಾಚಿ, ಹೂ ಮುಡಿಸಿ, ಯಾರ ಮನೆಗೆ ಹೋಗಬೇಕು ಯಾರ ಮನೆಗೆ ಹೋಗಬಾರದು ಎಂದು ಹೇಳಿಕೊಟ್ಟವಳು ಕಾಶಮ್ಮನೇ. ಈಗ ಒಂದು ಒಳ್ಳೆಯ ಸುದ್ದಿ ಕೇಳಿದರೆ ಹೇಳಿಕೊಳ್ಳಲು ಜನವಿರಲಿಲ್ಲ. ಗಂಡನಿಗೆ ಹೇಳೋಣವೆಂದರೆ ರುದ್ರಮೂರ್ತಿ ಪೇಪರಿನ ಹಿಂದಿನಿಂದ 'ಹೂಂ' ಅನ್ನುವ ಮನುಷ್ಯ. ಅವಳಿಗೆ ಭಾಗಮ್ಮ ಬೇಕಾಗಿದ್ದಳು, ಬಹಳ ಬೇಕಾಗಿದ್ದಳು.

ಈ ವರ್ಷ ಅದು ಕುತ್ತಿಗೆಗೇ ಬಂತು. ತೀರ್ಥಪ್ಪ ಅಜ್ಜಂಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟವನು ಅಲ್ಲೇ ಮನೆಯನ್ನೂ ಕಟ್ಟಿಸಿದ್ದ. ಯುಗಾದಿ ಆದಮೇಲೆ ಬರುವ ಗುರುವಾರ ಗೃಹಪ್ರವೇಶ. ಅದಾದ ಮೇಲೆ ಸಂಸಾರವೆಲ್ಲ ಅಲ್ಲಿಗೇ. ಗೋಡೆಯಾಚೆ ಇರುವವಳ ಜೊತೆಯೇ ಆಡಲಾಗದ ಮಾತನ್ನು ಅಜ್ಜಂಪುರದ ಬಸ್ಸು ಹತ್ತಿ ಹೋಗಿ ಯಾರು ಆಡುತ್ತಾರೆ? ಈಗ ಬಾಯಿ ಬಿಡದಿದ್ದರೆ ಇನ್ನು ಮುಗಿಯಿತು ಎಂದು ಕಾಶಮ್ಮನಿಗೆ ಗೊತ್ತಿತ್ತು.

ಗೃಹಪ್ರವೇಶದ ಕಾರ್ಡನ್ನು ತೀರ್ಥಪ್ಪ ಹೋಟೆಲಿನಲ್ಲಿ ಟೀ ಕುಡಿಯುವಾಗ ಅಣ್ಣನ ಜೇಬಿಗೆ ಸಿಕ್ಕಿಸಿದ್ದ. ಗಂಡಸರಿಗೆ ಅಷ್ಟು ಸಾಕು. ಹೆಂಗಸರಿಗೆ ಹಾಗಲ್ಲ. ಮನೆಯೊಡತಿಯೇ ಹೊಸಿಲಿಗೆ ಬಂದು, ಹಣೆಗೆ ಕುಂಕುಮವಿಟ್ಟು, ಬಾಯ್ತುಂಬ ಕರೆಯಬೇಕು. ಹಾಗೆ ಕರೆಸಿಕೊಳ್ಳದೆ ಹೋದವಳು ಊಟಕ್ಕೆ ಹೋದಂತೆ, ನೆಂಟಸ್ತಿಕೆಗಲ್ಲ. ಭಾಗಮ್ಮ ಕುಂಕುಮದ ತಟ್ಟೆ ಹಿಡಿದು ಬೀದಿಯ ಮನೆಮನೆಗೂ ಹೋದಳು. ಕಾಶಮ್ಮ ಬೀದಿ ಕಡೆಯ ಕಿಟಕಿಯ ಸಂದಿಯಿಂದ ನೋಡುತ್ತಲೇ ಇದ್ದಳು. ಭಾಗಮ್ಮ ಈ ಬಾಗಿಲಿಗೂ ಬಂದಳು, ಒಂದು ಗಳಿಗೆ ನಿಂತಳು, ತಿರುಗಿ ಹಿತ್ತಲಿಗೆ ಹೋಗಿ ಗೌರಿಯ ಹಣೆಗೆ ಕುಂಕುಮ ಹಚ್ಚಿದಳು.

"ಗುರುವಾರ ಗೃಹಪ್ರವೇಶ ಕಣವ್ವ ಗೌರಿ. ಹೊಸ ಮನೆಗೆ ನೀನೇ ಮೊದ್ಲು ಕಾಲಿಡ್ಬೇಕು. ಲಗೇಜ್ ಆಟೋ ಕಳಿಸ್ತೀವಿ, ಬಂದ್ಬಿಡು."

ಅಡುಗೆಮನೆಗೆ ಬಂದು ಹಿತ್ತಲ ಕಿಟಕಿಯಿಂದ ಅದನ್ನೂ ಕೇಳಿಸಿಕೊಂಡ ಕಾಶಮ್ಮ ಕೈಲಿದ್ದ ಸೌಟನ್ನು ಪಾತ್ರೆಗೆ ಕುಕ್ಕಿದಳು.

"ಹಸೂಗೆ ಕುಂಕುಮ, ನಂಗಿಲ್ಲ. ನೋಡಿದ್ರಾ?" ಎಂದು ಗಂಡನ ಮುಂದೆ ಹೋಗಿ ನಿಂತಳು.

"ಗೃಹಪ್ರವೇಶಕ್ಕೆ ಹಸು ಬೇಕಲ್ವೇನೇ," ಎಂದ ರುದ್ರಮೂರ್ತಿ ಪೇಪರ್ ಇಳಿಸದೆ. "ಹಸೂನ ಕರ್ದಿದ್ದು ನಿನ್ನ ಕರ್ದಂಗೇ ಅಂದ್ಕೋ."

"ಹಂಗಾದ್ರೆ ನಾನೂ ಲಗೇಜ್ ಆಟೋದಾಗೆ ನಿಂತ್ಕೊಂಡು ಹೋಗ್ಲಾ? ಬಾಯಿಬಿಟ್ಟು ಕರೀದೆ ನಾನು ಆ ಹೊಸಿಲು ತುಳಿಯಲ್ಲ."

ರುದ್ರಮೂರ್ತಿ 'ಹೂಂ' ಎಂದ.

ಇಂಥ ಬೇಗುದಿಯ ದಿನಗಳಲ್ಲೇ ಅನುಪಮಾ ಮೇಡಂ ಊರಿಗೆ ಬಂದದ್ದು. ತರೀಕೆರೆಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ಆಕೆಗೆ ಭಾನುವಾರ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಸ್ಕೂಟಿಯಲ್ಲಿ ಊರೂರು ತಿರುಗಿ ಮಹಿಳಾ ಸಂಘದವರಿಗೆ ಏನಾದರೂ ಕಲಿಸುತ್ತಿದ್ದರು. ಈ ಸಲ ಅವರು ತಂದಿದ್ದು ಕ್ಯಾಮೆರಾ ಇಲ್ಲದೆ ಫೋಟೋ ತೆಗೆಯುವ ವಿದ್ಯೆ.

"ಮೊಬೈಲಲ್ಲಾ ಮೇಡಂ?" ಎಂದರು ಹೆಂಗಸರು.

"ಮೊಬೈಲೂ ಬೇಡ. ಬಟ್ಟೆ, ಸೊಪ್ಪು, ಬಿಸಿಲು. ಇಷ್ಟೇ."

"ಅಷ್ಟಕ್ಕೆ ಹಪ್ಪಳಾನೇ ಆಯ್ತದಲ್ಲ!" ಎಂದು ಯಾರೋ ಅಂದದ್ದಕ್ಕೆ ಸಮುದಾಯ ಭವನವೆಲ್ಲ ನಗೆಯಾಯಿತು.

ಸ್ಟೋರ್ ರೂಮಿನ ಕಿಟಕಿಗೆ ಗೋಣಿತಾಟು ಕಟ್ಟಿ ಕತ್ತಲು ಮಾಡಿದ್ದರು. ಅಲ್ಲಿ ಎರಡು ಸೀಸೆಯ ಮದ್ದನ್ನು ಬೆರೆಸಿ, ಬಿಳಿ ಬಟ್ಟೆಗೆ ಬ್ರಷ್ಷಿನಿಂದ ಬಳಿದು, ಕತ್ತಲಲ್ಲೇ ಒಣಗಿಸಿದರು. ಒಣಗಿದ ಬಟ್ಟೆ ಬೇಯಿಸಿದ ಹಾಗಲಕಾಯಿಯ ಬಣ್ಣಕ್ಕೆ ಬಂದಿತ್ತು. "ಇದಕ್ಕೆ ಬಿಸಿಲು ತಾಕಿದ ಕಡೆ ಬಣ್ಣ ಕಚ್ಕೊಳ್ಳುತ್ತೆ, ನೆರಳಿದ್ದ ಕಡೆ ನೀರಲ್ಲಿ ತೊಳೆದು ಹೋಗುತ್ತೆ," ಎಂದರು ಮೇಡಂ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಂಬಿಕೆ ಯಾರಿಗೂ ಬಂದಿರಲಿಲ್ಲ.

ಕಾಶಮ್ಮ ತನ್ನ ತುಂಡು ಬಟ್ಟೆಯ ಮೇಲೆ ಒಂದು ಹುಣಸೆ ಕಡ್ಡಿಯನ್ನಿಟ್ಟು ಹೊರಗೆ ಬಿಸಿಲಿಗೆ ಹಿಡಿದಳು. ಹಾಗಲಕಾಯಿ ಬಣ್ಣ ನೋಡನೋಡುತ್ತಿದ್ದಂತೆ ಕಪ್ಪಿಟ್ಟಿತು, ಆಮೇಲೆ ಬೂದಿಯ ಬಣ್ಣಕ್ಕೆ ತಿರುಗಿತು. ಕೆಟ್ಟೇ ಹೋಯಿತೆಂದುಕೊಂಡಳು. ಮೇಡಂ ಹೇಳಿದರೆಂದು ಕಡ್ಡಿ ತೆಗೆದು ಬಟ್ಟೆಯನ್ನು ಬಕೆಟ್ಟಿನ ನೀರಿಗೆ ಅದ್ದಿದಳು. ಹಳದಿ ನೀರು ಇಳಿಯಿತು. ಅದರ ಅಡಿಯಿಂದ ನೀಲಿ ಎದ್ದು ಬಂತು, ಎಂಥ ನೀಲಿ! ನಡುವೆ ಹುಣಸೆಯ ಒಂದೊಂದು ಎಲೆಯೂ ಜೋಡಿ ಜೋಡಿಯಾಗಿ ಬೆಳ್ಳಗೆ ನಿಂತಿತ್ತು. ತುದಿಯ ಎಲೆಯನ್ನು ಹುಳು ಕಚ್ಚಿದ ಗುರುತೂ ಬಿಟ್ಟಿರಲಿಲ್ಲ.

"ಅಯ್ಯೋ ನೋಡಿಲ್ಲಿ!" ಎಂದು ಕಾಶಮ್ಮ ಚಿಕ್ಕ ಹುಡುಗಿಯಂತೆ ಪಕ್ಕಕ್ಕೆ ತಿರುಗಿದಳು. ಪಕ್ಕದಲ್ಲಿ ಭಾಗಮ್ಮ, ನೀರು ತೊಟ್ಟಿಕ್ಕುವ ಹೊಂಗೆಯೆಲೆಯ ಬಟ್ಟೆಯನ್ನು ಎತ್ತಿ ಹಿಡಿದು, ಬಾಯಿ ತೆರೆದು, ಇತ್ತಲೇ ತಿರುಗಿದ್ದಳು. ಇಬ್ಬರ ಕಣ್ಣೂ ಕೂಡಿದವು. ಇಬ್ಬರ ಬಾಯಲ್ಲೂ ಮಾತು ಬಂದಿತ್ತು. ಆದರೆ ಸಮುದಾಯ ಭವನದಲ್ಲಿ ಗೌರಿ ಇರಲಿಲ್ಲ. ಇಬ್ಬರೂ ಬಂದ ಮಾತನ್ನು ನುಂಗಿಕೊಂಡು ಬಕೆಟ್ಟಿನ ಕಡೆ ಬಗ್ಗಿದರು. ಆ ಸಂಜೆ ಕಾಶಮ್ಮನಿಗೆ ಅನ್ನ ಸೇರಲಿಲ್ಲ.

ದೊಡ್ಡ ಬಟ್ಟೆ ಬೇಕೆಂದವರಿಗೆ ಮೇಡಂ ಅಲ್ಲೇ ಮದ್ದು ಬಳಿಸಿ ಕೊಟ್ಟರು. ಭಾಗಮ್ಮ ಬಾಗಿಲಿನಷ್ಟು ಉದ್ದದ್ದನ್ನು ಕೇಳಿದಳು. "ಹೊಸ ಮನೆ ನಡುಮನೆ ಬಾಗ್ಲಿಗೆ ಪರದೆ ಮಾಡ್ತೀನಿ ಮೇಡಂ. ಎಲ್ಲಾರೂ ಬಂದ್ ನೋಡ್ಬೇಕು, ಹಂಗಿರ್ಬೇಕು," ಎಂದು ಅದನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಮಗುವನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು ಹೋದಳು.

ಮಂಗಳವಾರ ಬೆಳಿಗ್ಗೆ ಅಂಗಳಕ್ಕೆ ಬಿಸಿಲು ಬಿದ್ದ ಕೂಡಲೇ ಭಾಗಮ್ಮ ಹಿತ್ತಲ ಅಂಗಳದಲ್ಲಿ ಈಚಲು ಚಾಪೆ ಹಾಸಿದಳು. ಅದರ ಮೇಲೆ ಪರದೆಯ ಬಟ್ಟೆ. ಬಟ್ಟೆಯ ಮೇಲೆ ಬೇಗ ಬೇಗ ಸೊಪ್ಪು ಜೋಡಿಸಿದಳು. ನಡುವೆ ದೊಡ್ಡ ದೊಡ್ಡ ನುಗ್ಗೆ ಗರಿ, ಎರಡು ಬದಿಗೂ ರಾಗಿ ತೆನೆ, ಸುತ್ತ ಅಂಚಿಗೆ ಹಸಿ ಗರಿಕೆ. ಅಂದವಾಗಿತ್ತು. ಕೊಟ್ಟಿಗೆಯಲ್ಲಿ ಹಾಲು ಕರೆದು ಮುಗಿಸಿ ಗೌರಿಗೆ ನೀರು ಕುಡಿಸುತ್ತಿದ್ದ ಕಾಶಮ್ಮನಿಗೆ ಕಣ್ಣು ಕೀಳಲಾಗಲಿಲ್ಲ. ಗರಿಕೆ ಇನ್ನಷ್ಟು ಒತ್ತಾಗಿರಬೇಕಿತ್ತು ಎಂದು ಹೇಳಲು ನಾಲಿಗೆ ತುರಿಸಿತು. ಈ ಪರದೆಯನ್ನು ಅಜ್ಜಂಪುರದಲ್ಲಿ ಬೀದಿಯವರೆಲ್ಲ ಸರಿಸಿಕೊಂಡು ಒಳಗೆ ಹೋಗುತ್ತಾರೆ, ತಾನೊಬ್ಬಳು ಹೋಗುವುದಿಲ್ಲ. ಹೀಗೆ ನೋಡುತ್ತ ಕೊರಗುತ್ತ ಗೌರಿಯ ಹಗ್ಗವನ್ನು ಗೂಟಕ್ಕೆ ಒಂದೇ ಸುತ್ತು ಸುತ್ತಿ, ಹಾಲಿನ ಚೊಂಬು ಹಿಡಿದು ಒಳಗೆ ಹೋದಳು.

ಭಾಗಮ್ಮನೂ ಮಸಾಲೆ ರುಬ್ಬಲು ಒಳಗೆ ಹೋದಳು.

ಈಗ ನೀವೇ ಯೋಚನೆ ಮಾಡಿ. ನುಗ್ಗೆ ಸೊಪ್ಪು, ರಾಗಿ ತೆನೆ, ಹಸಿ ಗರಿಕೆ. ಚಾಪೆ ಹಾಸಿ, ಮೇಲೆ ಬಟ್ಟೆ ಹಾಸಿ, ಸಾಲಾಗಿ ಬಡಿಸಿಟ್ಟು, ಹಸುವಿನ ಮೂತಿಯಿಂದ ಹತ್ತು ಹೆಜ್ಜೆ ಆಚೆಗೆ ಇಟ್ಟು ಹೋದರೆ ಹಸುವಾದರೂ ಏನು ತಿಳಿದುಕೊಳ್ಳಬೇಕು? ಅನುಪಮಾ ಮೇಡಂ ಈ ಅಪಾಯವನ್ನು ಪಾಠದಲ್ಲಿ ಹೇಳಿರಲಿಲ್ಲ. ಅವರ ಮನೆಯಲ್ಲಿ ಸ್ಕೂಟಿ ಇತ್ತು, ಹಸು ಇರಲಿಲ್ಲ. ಹುಟ್ಟಿದಾಗಿನಿಂದ ದನ ಕಟ್ಟಿದ ಇವರಿಬ್ಬರಿಗೆ ಬುದ್ಧಿ ಎಲ್ಲಿ ಹೋಗಿತ್ತೋ! ಗೌರಿ ತಲೆ ಒದರಿದಳು, ಹಗ್ಗ ಬಿಚ್ಚಿಕೊಂಡಿತು. ಐದು ವರ್ಷ ಇಬ್ಬರ ದೂರನ್ನೂ ಕೇಳಿದ್ದಕ್ಕೆ ಸಂಬಳ ಬಂದಿತೆಂಬಂತೆ ಅವಳು ನಿಧಾನವಾಗಿ ಪರದೆಯ ಕಡೆ ನಡೆದಳು.

ಕಾಶಮ್ಮ ಹಾಲು ಸೋಸುತ್ತ ಕಿಟಕಿಯತ್ತ ನೋಡಿದಾಗ ಒಂದು ನುಗ್ಗೆ ಗರಿ ಆಗಲೇ ಗೌರಿಯ ಬಾಯಲ್ಲಿ ಅರ್ಧ ಒಳಗೆ ಹೋಗಿತ್ತು.

ತಿನ್ನಲಿ, ಎಂದು ಮೊದಲು ಅನ್ನಿಸಿತು. ಸುಳ್ಳೇಕೆ ಹೇಳಬೇಕು, ಹಾಗೇ ಅನ್ನಿಸಿತು. ಕುಂಕುಮ ಇಟ್ಟು ಕರೆದದ್ದು ಅದನ್ನೇ ತಾನೆ, ಅದೇ ಉಣ್ಣಲಿ. ಗೌರಿ ಎರಡನೆಯ ಗರಿಗೆ ನಾಲಿಗೆ ಚಾಚಿದಳು. ಸ್ವಲ್ಪ ಹೊತ್ತಿನ ಮುಂಚೆ ಭಾಗಮ್ಮ ಮಂಡಿಯೂರಿ ಕೂತು, ನುಗ್ಗೆಯ ಒಂದೊಂದು ಎಸಳನ್ನೂ ಬೆರಳಿನಿಂದ ನೇವರಿಸಿ ಬಿಡಿಸಿಟ್ಟದ್ದು ಕಾಶಮ್ಮನ ಕಣ್ಣಿಗೆ ಕಟ್ಟಿತು. ಕಾಲಿಗಿಂತ ಮೊದಲು ಬಾಯಿ ಓಡಿತು.

"ಏಯ್! ಗೌರೀ! ಬೇಡ ಕಣೇ, ಬಿಡೇ!"

ಗೌರಿ ಕಿವಿ ಆಡಿಸಿದಳು, ಅಷ್ಟೇ. ಅಷ್ಟು ವರ್ಷ ಇವರಿಬ್ಬರೂ ಅವಳಿಗೆ ಹೇಳಿದ್ದು ಒಂದೂ ಅವಳಿಗಲ್ಲವಾಗಿತ್ತು. ಈಗ ಇದು ತನಗೇ ಎಂದು ಅವಳಿಗೆ ಹೇಗೆ ತಿಳಿಯಬೇಕು? ಗೋಡೆಯಾಚೆ ಭಾಗಮ್ಮನ ಮಿಕ್ಸಿ ಗರ್‍ರೆಂದು ಕೂಗುತ್ತಿತ್ತು. ಕಾಶಮ್ಮ ಸೆರಗು ಸಿಕ್ಕಿಸಿಕೊಂಡು ಹೊರಗೆ ಓಡುತ್ತ, ಎದೆಯಲ್ಲಿದ್ದ ಉಸಿರನ್ನೆಲ್ಲ ಒಟ್ಟುಮಾಡಿ ಕೂಗಿದಳು.

"ಭಾಗೂ! ಲೇ ಭಾಗೂ! ಬಾರೇ ಬೇಗ!"

ಅದೇ ಹೊತ್ತಿಗೆ ಕರೆಂಟು ಹೋಗಬೇಕೇ? ಮಿಕ್ಸಿ ನಿಂತಿತು. ಐದು ವರ್ಷ ಹೊರಗೆ ಬಾರದಿದ್ದ ಆ ಹೆಸರು ಇಡೀ ಬೀದಿಗೆ ಕೇಳಿಸಿತು.

ಭಾಗಮ್ಮ ಮಸಾಲೆಯ ಕೈಯಲ್ಲೇ ಓಡಿ ಬಂದಳು. ಅವಳಿಗೆ ಕಂಡದ್ದು ಇಷ್ಟು: ಬಿಚ್ಚಿಕೊಂಡ ಹಸು, ಅರ್ಧ ಖಾಲಿಯಾದ ಪರದೆ, ಅದರ ಅಂಚಿನಲ್ಲಿ ಹಗ್ಗ ಹಿಡಿದು ನಿಂತ ಕಾಶಮ್ಮ.

"ಗೌರೀ..." ಎಂದು ರೂಢಿಯಂತೆ ಶುರು ಮಾಡಿದವಳು ಅಲ್ಲಿಗೇ ನಿಂತಳು. ಇಷ್ಟು ದೊಡ್ಡ ಸಿಟ್ಟು ಹಸುವಿನ ಮೂಲಕ ಹೋಗುವಂಥದ್ದಾಗಿರಲಿಲ್ಲ. "ನಿಂಗೇನ್ ಬಂದಿತ್ತೇ ರೋಗ? ಬೇಕಂತ್ಲೇ ಬಿಟ್ಟಿದ್ದೀಯಾ! ನನ್ ಮನೆ ಚೆಂದಾಗಿರೋದು ನಿನ್ ಕಣ್ಣಿಗೆ ಆಗಲ್ಲ!"

"ನಾನ್ಯಾಕೇ ಬಿಡ್ಲಿ? ಹಗ್ಗ ಜಾರ್ತು! ಬಿಟ್ಟಿದ್ರೆ ನಿನ್ನ ಯಾಕ್ ಕೂಗ್ತಿದ್ದೆ?"

"ಎಲ್ಲಾ ತಿಂದ್ಮೇಲೆ ಕೂಗ್ದೆ!"

"ಊರೋರ್ಗೆಲ್ಲಾ ಕುಂಕುಮ ಇಟ್ಟೆ, ಹಸೂಗೂ ಇಟ್ಟೆ. ನನ್ ಹೊಸಿಲು ಮಾತ್ರ ಕಾಣ್ಲಿಲ್ಲ ಅಲ್ವಾ ನಿಂಗೆ?"

"ಕಾಣ್ದೇ ಏನು? ತಟ್ಟೆ ಹಿಡ್ಕೊಂಡು ನಿಂತಿದ್ದೆ ಕಣೇ ನಿನ್ ಬಾಗ್ಲಾಗೆ! ಕಿಟಕಿಯಿಂದ ನೋಡ್ತಿದ್ದೋಳು ನೀನು 'ಬಾ' ಅಂದ್ಯಾ? ಒಂದ್ ಹೆಜ್ಜೆ ಈಚೆ ಬಂದ್ಯಾ?"

ಇಬ್ಬರೂ ಪರದೆಯ ಮೂಡಣ ಅಂಚಿನಲ್ಲಿ ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ನಿಂತು, ಬಿಸಿಲು ಬೆನ್ನಿಗೆ ಬಡಿಯುತ್ತಿದ್ದರೂ ಲಕ್ಷ್ಯವಿಲ್ಲದೆ, ಕೈ ಬೀಸಿ ಬೀಸಿ ಕೂಗಾಡಿದರು. ನಲ್ಲಿಯ ವಾಷರ್ ಬಂತು, ಸೋರಿದ ಗೋಡೆ ಬಂತು, ಯಾವುದೋ ಮದುವೆಯಲ್ಲಿ ಮುಖ ತಿರುಗಿಸಿದ್ದು ಬಂತು. ಗೌರಿ ಒಂದು ರಾಗಿ ತೆನೆ ಕಚ್ಚಿಕೊಂಡು ಕೊಟ್ಟಿಗೆಯ ನೆರಳಿಗೆ ಹೋದಳು. ರುದ್ರಮೂರ್ತಿ ಒಂದು ಬಾಗಿಲಲ್ಲಿ, ತೀರ್ಥಪ್ಪ ಇನ್ನೊಂದು ಬಾಗಿಲಲ್ಲಿ ನಿಂತು ನೋಡಿದರು. ನಡುವೆ ಹೋಗುವ ಧೈರ್ಯ ಇಬ್ಬರಿಗೂ ಬರಲಿಲ್ಲ.

"ಒಂದ್ ತಮಾಷೆ ಮಾತಿಗೆ ಇಷ್ಟ್ ವರ್ಷ ಸಾಧಿಸ್ದೆಯಲ್ಲೇ!" ಎಂದಳು ಕಾಶಮ್ಮ ಕೊನೆಗೆ.

ಭಾಗಮ್ಮನ ದನಿ ತಟ್ಟನೆ ಇಳಿಯಿತು. "ನಿಂಗೆ ತಮಾಷೆ. ಅವತ್ತು ನಮ್ಮಪ್ಪನೂ ನಕ್ಬಿಟ್ಟ. ಇವತ್ಗೂ ತವರಿಗೆ ಹೋದ್ರೆ ಒಲೆ ಹತ್ರ ಬಿಡಲ್ಲ ನನ್ನ. 'ಚಪ್ಪಲಿ ಮಾಡ್ತಾಳೆ, ಈಚೆ ಕರೀರಿ' ಅಂತಾರೆ. ತಮ್ಮನ ಮಕ್ಕಳೂ ಅಂತಾವೆ. ನಿಂಗೆ ಒಂದ್ ಸಲ, ನಂಗೆ ಹೋದ್ ಹೋದಾಗೆಲ್ಲಾ."

ಕಾಶಮ್ಮನಿಗೆ ಇದು ಗೊತ್ತಿರಲಿಲ್ಲ. ತಾನು ಆಡಿ ಮರೆಯಲು ನೋಡಿದ ಮಾತು ತರೀಕೆರೆಯ ಆ ಮನೆಯಲ್ಲಿ ಇನ್ನೂ ಓಡಾಡಿಕೊಂಡಿದೆ ಎಂದು ತಿಳಿದು ಅವಳಿಗೆ ನಾಚಿಕೆಯಾಯಿತು.

ಆಗ ರುದ್ರಮೂರ್ತಿ, ಜೀವಮಾನದಲ್ಲಿ ಮೊದಲ ಸಲ ಎಂಬಂತೆ, ಕೇಳದೆ ಬಾಯಿ ಬಿಟ್ಟ. "ಅಲ್ರೇ, ಆ ಬಟ್ಟೆ ಬೂದಿ ಬಣ್ಣ ಆಗೋಯ್ತಲ್ಲ. ನೀರಿಗೆ ಹಾಕ್ಬೇಕು ಅಂತಿದ್ರಲ್ಲ?"

"ಅಯ್ಯಯ್ಯೋ!" ಎಂದರು ಇಬ್ಬರೂ ಒಟ್ಟಿಗೆ. ಉಳಿದ ಸೊಪ್ಪನ್ನೆಲ್ಲ ಅತ್ತ ಒದರಿ, ಒಬ್ಬಳು ಆ ತುದಿ ಇನ್ನೊಬ್ಬಳು ಈ ತುದಿ ಹಿಡಿದು ಪರದೆಯನ್ನು ತೊಟ್ಟಿಗೆ ಇಳಿಸಿದರು. ಹಳದಿ ನೀರು ಇಳಿಯಿತು. ತೀರ್ಥಪ್ಪ ಕೊಡದಲ್ಲಿ ಹೊಸ ನೀರು ತಂದು ಸುರಿದ. ಭಾಗಮ್ಮ ಅತ್ತಿಂದ ಜಾಲಾಡಿಸಿದಳು, ಕಾಶಮ್ಮ ಇತ್ತಿಂದ. ನೀಲಿ ಮೇಲೆದ್ದಿತು. ಎತ್ತಿ ಅಂಗಳದ ತಂತಿಗೆ ಹಾಕಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತು ನೋಡಿದರು.

ಗೌರಿ ಬಿಟ್ಟ ನುಗ್ಗೆ ಗರಿಗಳು ಹಾಲಿನಷ್ಟು ಬೆಳ್ಳಗಿದ್ದವು. ತಿಂದ ಗರಿಗಳು ತಿಳಿನೀಲಿಯಲ್ಲಿ, ಇವೆಯೋ ಇಲ್ಲವೋ ಎಂಬಂತೆ ನಿಂತಿದ್ದವು. ಅವಳ ಮೂತಿಯ ತೇವ ತಾಗಿದ ಕಡೆ ಒಂದು ಮಬ್ಬು ಕಲೆ. ಅಂಚಿನ ಗರಿಕೆ ಅಲ್ಲಲ್ಲಿ ಹರಿದಿತ್ತು. ಇದೆಲ್ಲದರ ನಡುವೆ, ಪರದೆಯ ಒಂದು ಅಂಚಿನಿಂದ ಎದ್ದು ನುಗ್ಗೆಯ ಮೇಲೆಯೇ ಹಾದು, ಬಿಸಿಲು ಬೀಳದೆ ತಿಳಿಯಾಗಿ ಉಳಿದ ಎರಡು ಆಕಾರಗಳು ಬಂದಿದ್ದವು. ಬುಡದಲ್ಲಿ ಸೀರೆಯ ನಿರಿಗೆಯ ಅಗಲ, ಮೇಲೆ ಎರಡು ತಲೆ. ತಲೆಗಳ ಅಂಚು ಕದಡಿ ಒಂದರೊಳಗೊಂದು ಸೇರಿತ್ತು. ನಡುವೆ ಬಿಸಿಲು ನುಸುಳಲು ಜಾಗವೇ ಇರಲಿಲ್ಲ.

"ಇದ್ಯಾರೇ?" ಎಂದಳು ಕಾಶಮ್ಮ.

"ಇನ್ಯಾರು, ನಾವೇ," ಎಂದಳು ಭಾಗಮ್ಮ. ಅವಳು ಪರದೆಯ ಹತ್ತಿರ ಹೋಗಿ, ಬಗ್ಗಿ, ಏನನ್ನೋ ಹುಡುಕಿದಳು. "ಅಷ್ಟೊತ್ತು ಕೈ ಬೀಸಿದ್ವಲ್ಲಕ್ಕ, ಒಂದ್ ಕೈಯೂ ಬಂದಿಲ್ಲ ನೋಡು. ಜಗಳ ಆಡಿದ್ದು ಬಂದೇ ಇಲ್ಲ. ಪಕ್ಕದಾಗೆ ನಿಂತಿದ್ದು ಮಾತ್ರ ಬಂದೈತೆ."

ಅಕ್ಕ ಅಂದಳು. ಅಂದದ್ದು ಅವಳಿಗೇ ತಿಳಿಯಲಿಲ್ಲ. ಕಾಶಮ್ಮನಿಗೆ ತಿಳಿಯಿತು. ಅವಳು ಕಾದಿದ್ದ ಮಾತು ಅದು. ಅದು ಬಂದ ಮೇಲೆ ತಾನು ಹೇಳುವುದಾಗಿ ಇಟ್ಟುಕೊಂಡಿದ್ದ ಮಾತು ಈಗ ನಾಲಿಗೆಯ ಮೇಲೆ ಕಲ್ಲಿನಂತೆ ಕೂತಿತ್ತು. ಹೇಳದೆ ಬಿಟ್ಟರೂ ನಡೆಯುತ್ತಿತ್ತು, ಮಾತು ಹೇಗೂ ಶುರುವಾಗಿತ್ತು. ಆದರೆ ಒಲೆಯ ಹತ್ತಿರ ಬಿಡುವುದಿಲ್ಲ ಎಂದಾಗ ಭಾಗಮ್ಮನ ದನಿ ಇಳಿದದ್ದು ಕಿವಿಯಲ್ಲೇ ಇತ್ತು. ಕಾಶಮ್ಮ ಕೊಟ್ಟಿಗೆಯ ಕಡೆ ಮುಖ ತಿರುಗಿಸಿದಳು.

"ಗೌರೀ," ಎಂದಳು. "ಅವತ್ತು ನಾನ್ ಹಂಗಂದಿದ್ದು ತಪ್ಪಾಯ್ತು ಅಂತ ಅವ್ಳಿಗೆ ಹೇಳೇ."

ಭಾಗಮ್ಮ ಹತ್ತಿರ ಬಂದಳು. ನೀರಿನ ಕೈಯಲ್ಲೇ ಕಾಶಮ್ಮನ ಗದ್ದ ಹಿಡಿದು ತನ್ನತ್ತ ತಿರುಗಿಸಿಕೊಂಡಳು.

"ನನ್ ಮುಖ ನೋಡ್ಕೊಂಡು ಹೇಳಕ್ಕ."

"ತಪ್ಪಾಯ್ತು ಕಣೇ ಭಾಗೂ," ಎಂದಳು ಕಾಶಮ್ಮ. "ನಿನ್ ಕೈ ಬಗ್ಗೆ ನಾನು ಹಂಗನ್ನಬಾರ್ದಿತ್ತು. ಗುರುವಾರ ನಿಮ್ಮಪ್ಪ ಬತ್ತಾರಲ್ಲ, ಅವ್ರ ಎದುರಿಗೂ ಹೇಳ್ತೀನಿ."

ಹೇಳಿದ ಮೇಲೆ ನೆನಪಾಯಿತು, ಗುರುವಾರಕ್ಕೆ ತನ್ನನ್ನು ಯಾರೂ ಕರೆದಿಲ್ಲ. ನಾಚಿ ತಲೆ ತಗ್ಗಿಸಿದಳು. ಭಾಗಮ್ಮ ದಡದಡ ಒಳಗೆ ಹೋದಳು. ಅಂಗಳದಲ್ಲಿ ಪರದೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಇಬ್ಬರು ಗಂಡಸರೂ ಆಕಾಶ ನೋಡುತ್ತಿದ್ದರು.

ಭಾಗಮ್ಮ ಬಂದದ್ದು ಹಿತ್ತಲಿಂದಲ್ಲ. ತನ್ನ ಮುಂಬಾಗಿಲಿನಿಂದ ಬೀದಿಗಿಳಿದು, ಕಾಶಮ್ಮನ ಮುಂಬಾಗಿಲಿಗೆ ಬಂದು, "ಅಕ್ಕಾ, ಇದ್ದೀಯೇನೇ ಒಳಗೆ?" ಎಂದು ಕೂಗಿದಳು. ಕಾಶಮ್ಮ ಒದ್ದೆ ಸೀರೆಯಲ್ಲೇ ಮನೆಯೊಳಗಿಂದ ಓಡಿ ಹೊಸಿಲಿಗೆ ಬಂದು ನಿಂತಳು. "ಬಾ," ಎಂದಳು.

ಭಾಗಮ್ಮ ತಟ್ಟೆಯಿಂದ ಕುಂಕುಮ ತೆಗೆದು ಅವಳ ಹಣೆಗೆ ಇಟ್ಟಳು. ಆಮೇಲೆ ಗುರುತು ಪರಿಚಯವೇ ಇಲ್ಲದ ಮನೆಗೆ ಬಂದವಳಂತೆ ನೆಟ್ಟಗೆ ನಿಂತು, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಕರೆದಳು. ಗುರುವಾರ ಬೆಳಗಿನ ಜಾವ ಅಜ್ಜಂಪುರದಲ್ಲಿ ನಮ್ಮ ಹೊಸ ಮನೆಯ ಗೃಹಪ್ರವೇಶ, ಹಾಲುಕ್ಕಿಸುವ ಶಾಸ್ತ್ರ ಐತೆ, ಹಿಂದಿನ ದಿನವೇ ಬರಬೇಕು, ಮನೆಮಂದಿಯೆಲ್ಲ ಬರಬೇಕು, ನೀವಿಲ್ಲದೆ ನಡೆಯೋದಿಲ್ಲ, ನಿಂತು ನಡೆಸಿಕೊಡಬೇಕು.

ಕಾಶಮ್ಮನಿಗೆ ಅದೆಲ್ಲ ಬಾಯಿಪಾಠವಾಗಿ ಗೊತ್ತಿದ್ದ ಮಾತೇ. ಮದುವೆಯಾಗಿ ಬಂದ ಹೊಸದರಲ್ಲಿ ಭಾಗಮ್ಮನಿಗೆ ಅದನ್ನು ಹೇಳಿಕೊಟ್ಟವಳೂ ಅವಳೇ. ಆದರೂ ಒಂದು ಮಾತಿಗೂ ಅಡ್ಡ ಬಾರದೆ, ಕಣ್ಣೀರನ್ನೂ ಒರೆಸಿಕೊಳ್ಳದೆ, ಕೊನೆಯ ತನಕ ಕೇಳಿಸಿಕೊಂಡಳು.

"ಬತ್ತೀನಿ ಕಣೇ," ಎಂದಳು.